ಬೆಳ್ಳಕ್ಕಿಗೆ ಅಲುಗಾಡಬೇಡಿ ಎಂದವನು

ಆ ಬೀದಿಯ ಜನ ಜಗಳದಲ್ಲಿ ಕೈ ಎತ್ತಿದ್ದಾರೆ, ಮದುವೆಯಲ್ಲಿ ಕುಣಿದಿದ್ದಾರೆ, ಹೊರಟುಹೋಗುವ ಬಸ್ಸಿನ ಹಿಂದೆ ಒಂದೇ ಚಪ್ಪಲಿಯಲ್ಲಿ ಓಡಿದ್ದಾರೆ. ಆದರೆ ಅವನ ಕ್ಯಾಮೆರಾದ ಮುಂದೆ ಮಾತ್ರ ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬರೂ ಅಲುಗಾಡಿದವರಲ್ಲ.

ಕ್ಷೌರದಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಅವನ ಸ್ಟುಡಿಯೋದಲ್ಲಿ ಇದ್ದದ್ದು ಒಂದು ಸ್ಟೂಲು, ಅದರ ಹಿಂದೊಂದು ಬಿಳಿ ಬಟ್ಟೆ, ಎರಡು ಕೊಡೆ ದೀಪ, ದಾರದಲ್ಲಿ ಕಟ್ಟಿದ ಒಂದು ಬಾಚಣಿಗೆ. ಗುರುತಿನ ಚೀಟಿಗೆ, ಪರೀಕ್ಷೆಯ ಅರ್ಜಿಗೆ, ಲೈಸೆನ್ಸಿಗೆ, ಪಾಸ್‌ಪೋರ್ಟಿಗೆ ಬೇಕಾದ ಚಿಕ್ಕ ಚಿಕ್ಕ ಮುಖಗಳನ್ನು ತೆಗೆಯುವುದೇ ಅವನ ಕಸುಬು. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, "ಬೆನ್ನು ನೇರ. ಗದ್ದ ಸ್ವಲ್ಪ ಕೆಳಗೆ. ಎರಡೂ ಕಿವಿ ಕಾಣಲಿ. ನಗಬೇಡಿ. ಅಲುಗಾಡಬೇಡಿ. ಒಂದು, ಎರಡು, ಮೂರು" ಎನ್ನುತ್ತಿದ್ದ. ಮೂರು ಎಂದ ಮೇಲೆ ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಟಕ್ ಎನ್ನಿಸುತ್ತಿದ್ದ. ಇದನ್ನು ಕೇಳಿ ಕೇಳಿ ಬೀದಿಯವರು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರನ್ನು ಮರೆತು ಅಲುಗಾಡಬೇಡಿ ಎಂದೇ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

ಇಂಥ ಮನುಷ್ಯ ಹಾರುವ ಹಕ್ಕಿಯ ತಂಟೆಗೆ ಹೋಗಬಾರದಿತ್ತು. ಹೋದದ್ದು ಒಂದು ಕ್ಯಾಲೆಂಡರಿನ ದೆಸೆಯಿಂದ.

ಫೋಟೊ ಕಾಗದ ಮಾರುವ ಅಂಗಡಿಯವರು ಕೊಟ್ಟ ಕ್ಯಾಲೆಂಡರನ್ನು ಅವನು ಸ್ಟುಡಿಯೋದ ಗೋಡೆಗೆ ತಗುಲಿಹಾಕಿದ್ದ. ಅದರಲ್ಲೊಂದು ಹಕ್ಕಿ, ರೆಕ್ಕೆಯ ಒಂದೊಂದು ಗರಿಯನ್ನೂ ಎಣಿಸಬಹುದು ಎನ್ನುವಷ್ಟು ಸ್ಪಷ್ಟವಾಗಿ, ಆಕಾಶದಲ್ಲಿ ತೇಲುತ್ತಿತ್ತು. ಮೂರನೇ ಕ್ಲಾಸಿನ ಮಗಳು ಶಾಲೆಯಿಂದ ಬಂದವಳು ಅದನ್ನೇ ನೋಡುತ್ತ ನಿಂತು, "ಇದು ನೀನು ತೆಗೆದದ್ದಾ ಅಪ್ಪಾ?" ಎಂದಳು.

ಆಗ ಸ್ಟೂಲಿನ ಮೇಲೆ ಗಿರಾಕಿ ಬೇರೆ ಕೂತಿದ್ದರು. ಇಲ್ಲ ಎನ್ನುವುದಕ್ಕೆ ಒಂದೇ ಮಾತು ಸಾಕಿತ್ತು. ಆದರೆ ಅಲುಗಾಡಬೇಡಿ ಗಂಟಲು ಸರಿಮಾಡಿಕೊಂಡು, "ಹೂಂ... ಅದೇನು ಮಹಾ ಬಿಡು. ನಮ್ಮಂಥವರೇ ತೆಗೆಯೋದು" ಎಂದುಬಿಟ್ಟ.

ಮರುದಿನ ಶಾಲೆಯಲ್ಲಿ ಟೀಚರು ಯಾರ ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರು. ಇವಳ ಸರದಿ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬಳು, "ಇವಳಪ್ಪ ಕಿವಿ ಫೋಟೊ ತೆಗೀತಾರೆ ಟೀಚರ್!" ಎಂದು ಕೂಗಿದಳು. ಕ್ಲಾಸೆಲ್ಲ ನಕ್ಕಿತು. ಮಗಳು ಎದ್ದು ನಿಂತು, "ನಮ್ಮಪ್ಪ ಹಾರೋ ಹಕ್ಕಿ ಫೋಟೊ ತೆಗೀತಾರೆ" ಎಂದಳು. ಟೀಚರಿಗೆ ಬಹಳ ಸಂತೋಷವಾಯಿತು. ಶಾಲೆಯ ಗೋಡೆ ಪತ್ರಿಕೆಯಲ್ಲಿ ಮುಂದಿನ ಸೋಮವಾರ ಹಾಕೋಣ, ಒಂದು ಫೋಟೊ ತಂದುಕೊಡು, ನಡುವಿನ ಜಾಗ ನಿನಗೇ ಬಿಟ್ಟಿರುತ್ತೇನೆ ಎಂದರು.

ಮಗಳು ಇದನ್ನು ಹೇಳುವಾಗ ಅವನು ತಟ್ಟೆಯ ಮುಂದೆ ಕೂತಿದ್ದ. ತುತ್ತು ಅರ್ಧದಲ್ಲೇ ನಿಂತಿತು.

"ಸೋಮವಾರಾನಾ?"

"ಹೂಂ ಅಪ್ಪಾ. ಇವತ್ತು ಮಂಗಳವಾರ. ಇನ್ನೂ ಬೇಕಾದಷ್ಟು ದಿನ ಇದೆ."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನನ್ನು ನೋಡಿದಳು. ಹದಿಮೂರು ವರ್ಷ ಸಂಸಾರ ಮಾಡಿದವಳ ನೋಟದಲ್ಲಿ ಏನೇನಿರುತ್ತದೋ ಅದೆಲ್ಲ ಆ ನೋಟದಲ್ಲಿ ಇತ್ತು.

ಬುಧವಾರ ಸಂಜೆ ಅವನು ಕ್ಯಾಮೆರಾ, ಉದ್ದನೆಯ ಲೆನ್ಸು, ಕ್ಯಾಮೆರಾದ ಜೊತೆ ಬಂದಿದ್ದ ಇನ್ನೂರು ಪುಟದ ಪುಸ್ತಕ ಹಿಡಿದು ತಾರಸಿ ಹತ್ತಿದ. ಪುಸ್ತಕವನ್ನು ಅವನು ಕೊಂಡ ಮೇಲೆ ಬಿಚ್ಚಿದ್ದು ಅದೇ ಮೊದಲು. ಅದರಲ್ಲಿ ಹಾರುವ ಹಕ್ಕಿಗೆಂದೇ ಒಂದು ಪುಟವಿತ್ತು. ಶಟರ್ ವೇಗದ ಚಕ್ರವನ್ನು, ಅಂದರೆ ಕ್ಯಾಮೆರಾದ ಕಣ್ಣು ತೆರೆದಿರುವ ಹೊತ್ತನ್ನು, ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗಕ್ಕೆ ಇಡಬೇಕಂತೆ; ಅವನ ಸ್ಟುಡಿಯೋದಲ್ಲಿ ಆ ಚಕ್ರ ಅರವತ್ತರಲ್ಲೊಂದು ಭಾಗದಲ್ಲಿ ಕೂತು ತುಕ್ಕು ಹಿಡಿಯುವುದೊಂದೇ ಬಾಕಿ. ಫೋಕಸ್‌ನಲ್ಲಿ ಎರಡು ಬಗೆಯಂತೆ: ಒಂದು, ಕೂತವರಿಗೆ; ಒಮ್ಮೆ ಹಿಡಿದರೆ ಅಲ್ಲೇ ನಿಲ್ಲುತ್ತದೆ. ಇನ್ನೊಂದು, ಓಡುವವರಿಗೆ, ಗುಂಡಿಯನ್ನು ಅರ್ಧ ಒತ್ತಿ ಹಿಡಿದಷ್ಟು ಹೊತ್ತೂ ಹಿಂದೆಯೇ ಹೋಗುತ್ತಿರುತ್ತದೆ. ಫೋಕಸಿನ ಚುಕ್ಕೆ ಹಕ್ಕಿಯ ಕಣ್ಣಿನ ಮೇಲೇ ಇರಬೇಕಂತೆ. ಒಂದೇ ಒತ್ತಿಗೆ ಸಾಲಾಗಿ ಹತ್ತು ಫೋಟೊ ಬೀಳುವಂತೆಯೂ ಮಾಡಬಹುದಂತೆ.

"ಇಷ್ಟೇ ತಾನೆ?" ಎಂದು ಅವನು ಎಲ್ಲ ಗುಂಡಿಗಳನ್ನೂ ಪುಸ್ತಕ ಹೇಳಿದಂತೆ ತಿರುಗಿಸಿದ.

ಸಂಜೆ ಐದೂಕಾಲಿಗೆ ಸರಿಯಾಗಿ ದಿನವೂ ಬೆಳ್ಳಕ್ಕಿಗಳ ಒಂದು ಸಾಲು ಆ ಬೀದಿಯ ಮೇಲೆ ಹಾದು ಕೆರೆಯ ಕಡೆಗೆ ಹೋಗುತ್ತಿತ್ತು. ಬಂದವು. ಅವನು ಕ್ಯಾಮೆರಾ ಎತ್ತಿದ. ಗುಂಡಿಗಳೆಲ್ಲ ಬದಲಾಗಿದ್ದವು ನಿಜ, ಆದರೆ ಬಾಯಿಗೆ ಗುಂಡಿ ಇರಲಿಲ್ಲ.

"ಅಲುಗಾಡಬೇಡಿ!" ಎಂದು ಅವನು ಆಕಾಶಕ್ಕೆ ಹೇಳಿದ. "ಒಂದು... ಎರಡು... ಮೂರು..."

ಬೆಳ್ಳಕ್ಕಿಗಳಿಗೆ ಗುರುತಿನ ಚೀಟಿ ಬೇಕಿರಲಿಲ್ಲ. ಅವು ಎರಡು ಎನ್ನುವಷ್ಟರಲ್ಲೇ ತಾರಸಿಯ ನೀರಿನ ಟ್ಯಾಂಕಿನ ಆಚೆ ಹೋಗಿದ್ದವು. ಆ ದಿನ ಬಿದ್ದ ಹತ್ತು ಫೋಟೊಗಳಲ್ಲೂ ಟ್ಯಾಂಕು ಬಹಳ ಸ್ಪಷ್ಟವಾಗಿ ಬಂದಿತ್ತು. ಮುಚ್ಚಳದ ತಿರುಪು ಕೂಡ ಎಣಿಸಬಹುದಿತ್ತು.

ಬೆಳ್ಳಕ್ಕಿ ದಿನಕ್ಕೆ ಒಂದೇ ಸಲ. ಅಭ್ಯಾಸ ಸಾಲದು ಎಂದು ಗುರುವಾರ ಬೆಳಿಗ್ಗೆ ಪಾರಿವಾಳಗಳ ಬೆನ್ನು ಹಿಡಿದ. ಕ್ಷೌರದಂಗಡಿಯ ಮಾಡಿನಿಂದ ಹಾರಿ ಬಸ್ ಸ್ಟಾಪಿನ ತನಕ ಹೋಗಿ ಮತ್ತೆ ಬರುವುದು ಅವುಗಳ ಪದ್ಧತಿ. ಅವು ಹಾರಿದೊಡನೆ ಇವನೂ ಕ್ಯಾಮೆರಾವನ್ನು ಬೀದಿಯ ಈ ತುದಿಯಿಂದ ಆ ತುದಿಗೆ ಬೀಸತೊಡಗಿದ.

ಇಲ್ಲಿ ಬೀದಿಯ ಜನರ ಒಂದು ವಿಚಾರ ಹೇಳಬೇಕು. ಅಲ್ಲಿ ಹುಟ್ಟಿ ಬೆಳೆದ ಯಾರಿಗೇ ಆಗಲಿ, ಆ ಕ್ಯಾಮೆರಾ ತಮ್ಮ ಕಡೆ ತಿರುಗಿದರೆ ಏನು ಮಾಡಬೇಕೆಂದು ಯೋಚಿಸುವ ಕಷ್ಟವೇ ಇರಲಿಲ್ಲ. ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಗದ್ದ ಸ್ವಲ್ಪ ಕೆಳಗೆ ಇಳಿಯುತ್ತಿತ್ತು. ನಗು ಆರಿಹೋಗುತ್ತಿತ್ತು.

ಮೊದಲು ನಿಂತವನು ಕ್ಷೌರಿಕ. ಕತ್ತಿ ಗಿರಾಕಿಯ ಕೆನ್ನೆಯಿಂದ ಒಂದು ಬೆರಳು ದೂರದಲ್ಲಿ ನಿಂತಿತು. ಅರ್ಧ ಮುಖದ ನೊರೆಯಲ್ಲೇ ಗಿರಾಕಿಯೂ ಗದ್ದ ಇಳಿಸಿದ. ಲೆನ್ಸು ಮುಂದೆ ಸರಿದಂತೆ ಇಸ್ತ್ರಿಯವನು ಕಲ್ಲಾದ. ಪೆಟ್ಟಿಗೆ ಯಾರದೋ ಅಂಗಿಯ ಮೇಲೆ ಇತ್ತು. ಎದುರುಮನೆಯಾಕೆ ಬಕೆಟ್ಟು ಬಗ್ಗಿಸಿ ಮೆಟ್ಟಿಲಿಗೆ ನೀರು ಸುರಿಯುತ್ತಿದ್ದವಳು ಹಾಗೆಯೇ ನಿಂತಳು. ನೀರು ಅವಳ ಕಾಲಮೇಲೇ ಬೀಳುತ್ತಿತ್ತು, ಅವಳು ಕಣ್ಣು ಕೆಳಗೆ ಹಾಕಲಿಲ್ಲ. ಬಸ್ ಸ್ಟಾಪಿನಲ್ಲಿ ಡ್ರೈವರು ಟೋಪಿ ತೆಗೆದು ಎರಡೂ ಕಿವಿ ಕಾಣುವಂತೆ ಕೂತ. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. ಲೆನ್ಸು ಅವರ ಕಡೆ ಬಂದೊಡನೆ ಹಾರ್ನೂ ನಿಂತಿತು.

ಅವನು ಕ್ಯಾಮೆರಾ ಇಳಿಸಿದ. ಇಡೀ ಬೀದಿ ಒಟ್ಟಿಗೇ ಉಸಿರು ಬಿಟ್ಟಿತು. ಇಸ್ತ್ರಿ ಅಂಗಡಿಯಿಂದ ಸಣ್ಣಗೆ ಹೊಗೆ ಬಂತು.

ಇದು ಯಾವುದೂ ಅಲುಗಾಡಬೇಡಿಗೆ ಕಾಣಲಿಲ್ಲ. ಅವನ ಒಂದು ಕಣ್ಣು ಮುಚ್ಚಿತ್ತು. ಇನ್ನೊಂದು ಕಣ್ಣು ಕ್ಯಾಮೆರಾದ ಬೆರಳಗಲದ ಕಿಂಡಿಯಲ್ಲಿ ಪಾರಿವಾಳ ಹುಡುಕುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕ್ಷೌರದಂಗಡಿಯಲ್ಲಿ ಸಭೆ ಸೇರಿತ್ತು.

"ಅವನು ನಿಮ್ಮದೂ ತೆಗೆದ್ನಾ?" ಇಸ್ತ್ರಿಯವನು ಕೇಳಿದ.

"ತೆಗೆದ. ಕೈಯಲ್ಲಿ ಕತ್ತಿ ಇತ್ತು ಮಾರಾಯ. ಕಾರ್ಡಿನಲ್ಲಿ ಕತ್ತಿ ಸಮೇತ ಬಂದ್ರೆ ನನ್ನ ಗತಿ ಏನು?"

"ಯಾವ ಕಾರ್ಡು?"

ಕ್ಷೌರಿಕ ಅವನನ್ನು ಕನಿಕರದಿಂದ ನೋಡಿದ. "ಅಲುಗಾಡಬೇಡಿ ಇಪ್ಪತ್ತೆರಡು ವರ್ಷದಲ್ಲಿ ಕಾರ್ಡಿಗಲ್ಲದೆ ಬೇರೆ ಯಾವುದಕ್ಕಾದ್ರೂ ಫೋಟೊ ತೆಗೆದಿದ್ದಾನಾ? ನೀನೇ ಹೇಳು."

ಇಸ್ತ್ರಿಯವನು ಬೆರಳು ಮಡಿಸಿ ಲೆಕ್ಕ ಹಾಕಿದ.

"ನನ್ನ ಕಡೆ ತಿರುಗಿದಾಗ ಟಕಟಕ ಅಂತ ಹತ್ತು ಸಲ ಅಂತು. ಹತ್ತು ಕಾಪಿ ಬೇಕಾಗೋ ಕಾರ್ಡು ಅಂದ್ರೆ ಬಹಳ ದೊಡ್ಡ ಕಾರ್ಡೇ ಇರಬೇಕು" ಎಂದ ಇಸ್ತ್ರಿಯವನು.

"ಅದಕ್ಕೇ ಅಲ್ವಾ ಹೇಳದೆ ತೆಗೀತಿರೋದು? ಸ್ಟುಡಿಯೋಗೆ ಬರೋವಾಗ ಎಲ್ಲರೂ ಬಾಚಿಕೊಂಡು ಒಳ್ಳೆಯವರ ಹಾಗೆ ಬರ್ತಾರೆ. ಮನುಷ್ಯ ದಿನಾ ಹೇಗಿರ್ತಾನೆ ಅಂತ ಸರ್ಕಾರಕ್ಕೆ ಗೊತ್ತಾಗಬೇಕಲ್ಲ" ಎಂದ ಕ್ಷೌರಿಕ.

ಸಂಜೆಯೊಳಗೆ ಬೀದಿ ಬೇರೆಯೇ ಆಯಿತು. ಕ್ಷೌರಿಕ ಮಧ್ಯಾಹ್ನದಿಂದ ಬಾಗಿಲ ಕಡೆಗೆ ಮುಖದ ಬಲಭಾಗವನ್ನೇ ಇಟ್ಟುಕೊಂಡು ಕೆಲಸ ಮಾಡಿದ. ಗಿರಾಕಿಗಳು ಕುರ್ಚಿ ಸಮೇತ ತಿರುಗಬೇಕಾಯಿತು. ಇಸ್ತ್ರಿಯವನು ಬೇರೆಯವರು ಕೊಟ್ಟ ಕೋಟನ್ನು ತಾನೇ ತೊಟ್ಟು ಇಸ್ತ್ರಿ ಮಾಡಿದ. ಎದುರುಮನೆಯಾಕೆ ಮದುವೆಗೆ ಹೋಗುವ ಬಟ್ಟೆ ಉಟ್ಟು, ಒಡವೆ ತೊಟ್ಟು ಕಸ ಗುಡಿಸಿ, ನೇರವಾಗಿ ಅಲುಗಾಡಬೇಡಿಯ ಹೆಂಡತಿಯ ಹತ್ತಿರ ಬಂದಳು.

"ನೋಡಮ್ಮಾ, ನಿಮ್ಮ ಯಜಮಾನ್ರಿಗೆ ಒಂದು ಮಾತು ಹೇಳಬೇಕು. ಬೆಳಿಗ್ಗೆ ನಾನು ನೈಟಿಯಲ್ಲಿದ್ದೆ. ಅದೊಂದನ್ನು ತೆಗೆದುಹಾಕಿ, ಇದರಲ್ಲಿ ಒಂದು ತೆಗೀಲಿ."

"ಅವ್ರು ಹಕ್ಕಿ ಫೋಟೊ ತೆಗೀತಿದ್ದಾರೆ ಅಕ್ಕಾ, ನಿಮ್ಮದಲ್ಲ."

ಎದುರುಮನೆಯಾಕೆ ಅವಳ ಕೈಮೇಲೆ ಕೈಯಿಟ್ಟಳು. "ಹೇಳಬಾರದು ಅಂತ ಆರ್ಡರ್ ಇದ್ರೆ ಹೇಳಬೇಡಮ್ಮಾ. ನನಗೆ ಅರ್ಥವಾಗುತ್ತೆ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ."

ಅವಳು ಬಾಯಿ ಬಿಡಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ವಿಷಯ ವಾರ್ಡ್ ಆಫೀಸಿಗೆ ತಲುಪಿತು.

ವಾರ್ಡ್ ಆಫೀಸರು ಜಾಗರೂಕ ಮನುಷ್ಯ. ಅವರು ಮೂರು ಕಪಾಟು ತೆಗೆಸಿ ಹುಡುಕಿಸಿದರು. ಅಂಥ ಯಾವ ಆದೇಶವೂ ಸಿಗಲಿಲ್ಲ. ಹಾಗಿದ್ದರೆ ಎರಡರಲ್ಲೊಂದು ಆಗಿರಬೇಕು: ಆದೇಶ ಬಂದೇ ಇಲ್ಲ, ಇಲ್ಲವೇ ಬಂದು ಆಫೀಸಿನಲ್ಲೇ ಕಳೆದುಹೋಗಿದೆ. ಇಪ್ಪತ್ತೈದು ವರ್ಷದ ಅನುಭವದ ಮೇಲೆ ಅವರಿಗೆ ಎರಡನೆಯದರಲ್ಲೇ ನಂಬಿಕೆ. ಮೇಲಿನವರು ಕೇಳುವ ಮೊದಲೇ ಏನಾದರೂ ಮಾಡಿರುವುದು ಕ್ಷೇಮ ಎಂದು ಅಂದೇ ಬೀದಿಯ ಎರಡೂ ತುದಿಗೆ ನೋಟೀಸು ಅಂಟಿಸಿದರು:

"ಫೋಟೊ ಗಣತಿ ನಡೆಯುತ್ತಿರುವ ಕಾರಣ ಸಾರ್ವಜನಿಕರು ಭಾನುವಾರ ಸಂಜೆ ಐದು ಗಂಟೆಗೆ ತಮ್ಮ ತಮ್ಮ ತಾರಸಿಗಳ ಮೇಲೆ ತಲೆ ಬಾಚಿಕೊಂಡು ಹಾಜರಿರತಕ್ಕದ್ದು. ಗೈರುಹಾಜರಾದವರ ಮುಖಕ್ಕೆ ಈ ಆಫೀಸು ಹೊಣೆಯಲ್ಲ."

ನೋಟೀಸನ್ನು ಅಲುಗಾಡಬೇಡಿಯೂ ಓದಿದ. ಓದಿ ಮನೆಗೆ ಬಂದು ಕುರ್ಚಿಯ ಮೇಲೆ ಕುಸಿದು ಕೂತ.

"ನೋಡಿದ್ಯಾ? ಇಪ್ಪತ್ತೆರಡು ವರ್ಷದಿಂದ ಇದೇ ಬೀದಿಯಲ್ಲಿ ಇದೀನಿ. ಇಡೀ ಬೀದಿಯ ಫೋಟೊ ತೆಗೆಸ್ತಿದ್ದಾರೆ, ನನಗೊಂದು ಮಾತು ಹೇಳಿಲ್ಲ. ಯಾರೋ ಹೊರಗಿನವನನ್ನ ಕರೆಸಿದ್ದಾರೆ!"

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಸೆರಗೋ ಟವೆಲ್ಲೋ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಎದುರುಮನೆಯಾಕೆಯ ಮಾತನ್ನು ಹೇಳಬೇಕೆಂದು ಮತ್ತೆ ಹೊರಗೆ ಬಂದಳು. ಅವನ ಮುಖ ನೋಡಿ, ಮೊದಲೇ ಸೋತಿರುವವನಿಗೆ ಇದನ್ನೂ ಹೇಳಿದರೆ ತಾರಸಿ ಹತ್ತುವುದನ್ನೇ ಬಿಟ್ಟಾನು ಎಂದುಕೊಂಡು ಸುಮ್ಮನಾದಳು.

ಸೋತಿದ್ದದ್ದು ನಿಜ. ಶನಿವಾರದ ಹೊತ್ತಿಗೆ ಅವನು ಒಂದು ಸಾವಿರದ ನೂರ ನಲವತ್ತು ಫೋಟೊ ತೆಗೆದಿದ್ದ. ಅವುಗಳಲ್ಲಿ ಹಕ್ಕಿ ಎನ್ನಬಹುದಾದದ್ದು ಎರಡು ಬಾಲ ಮತ್ತು ಒಂದು ಕಾಲು. ಟ್ಯಾಂಕು, ಖಾಲಿ ಆಕಾಶ ಬಿಟ್ಟರೆ ಉಳಿದವುಗಳಲ್ಲಿ ಬೀದಿಯ ಜನ ಯಾಕೋ ಗದ್ದ ಇಳಿಸಿ ನಿಂತಿದ್ದರು.

"ಅಪ್ಪಾ, ಟೀಚರ್ ನಡುವಿನ ಜಾಗಕ್ಕೆ ಬಣ್ಣದ ಕಾಗದ ಅಂಟಿಸಿದ್ದಾರೆ. ಇಷ್ಟು ದೊಡ್ಡದು" ಎಂದು ಮಗಳು ಕೈ ಅಗಲಿಸಿ ತೋರಿಸಿದಳು.

ಅವನಿಗೆ ಆ ಖಾಲಿ ಕಾಗದವೇ ಕಣ್ಣಮುಂದೆ ಬಂತು. ಅದರ ಮುಂದೆ ಮಗಳು ನಿಂತಿರುವುದೂ, ಹಿಂದಿನ ಬೆಂಚಿನವಳು ನಗುವುದೂ ಬಂತು. ಎದ್ದು ಅಡುಗೆಮನೆಗೆ ಹೋದ.

ಅಲ್ಲಿ ಹೆಂಡತಿ ಒಂದೂವರೆ ವರ್ಷದ ಚಿಕ್ಕವಳಿಗೆ ಊಟ ಮಾಡಿಸುತ್ತಿದ್ದಳು. ಮಾಡಿಸುತ್ತಿದ್ದಳು ಎಂದರೆ, ಚಿಕ್ಕವಳು ಮೇಜಿನ ಸುತ್ತ, ಬಾಗಿಲ ಹಿಂದೆ, ಒಗೆಯುವ ಬಟ್ಟೆಯ ಬುಟ್ಟಿಯ ಸುತ್ತ ಓಡುತ್ತಿದ್ದಳು. ತಾಯಿ ಬಟ್ಟಲು ಹಿಡಿದು ಅವಳ ಜೊತೆಗೇ ತಿರುಗುತ್ತಿದ್ದಳು. ಬಾಯಿ ತೆರೆದಾಗ ತುತ್ತು ಒಳಗಿರುತ್ತಿತ್ತು. ಒಂದು ಅಗುಳೂ ಕೆಳಗೆ ಬೀಳಲಿಲ್ಲ.

"ಆಗಲ್ಲ ಕಣೇ" ಎಂದ ಅವನು. "ಹಕ್ಕಿ ಎಲ್ಲಿದೆ ಅಂತ ನೋಡಿ ಅಲ್ಲಿಗೆ ತಿರುಗಿಸೋ ಅಷ್ಟರಲ್ಲಿ ಅದು ಅಲ್ಲಿರಲ್ಲ. ಮೂರು ಎಣಿಸೋದೊಳಗೆ ಮುಗಿದೇ ಹೋಗುತ್ತೆ."

"ಎಣಿಸೋದು ಯಾಕ್ರೀ? ಹಕ್ಕಿಗೆ ಎಣಿಕೆ ಬರುತ್ತಾ?" ಅವಳು ಇನ್ನೊಂದು ತುತ್ತು ಇಟ್ಟಳು. "ಇವಳನ್ನ ನೋಡಿ. ಇವಳಿದ್ದ ಜಾಗಕ್ಕೆ ತುತ್ತು ತಗೊಂಡು ಹೋದ್ರೆ ಗೋಡೆಗೆ ತಿನ್ನಿಸಿ ಬರಬೇಕು ಅಷ್ಟೆ. ಮೊದಲು ಇವಳ ಜೊತೆ ನಾನೂ ಓಡಬೇಕು. ಇವಳು ಎಷ್ಟು ಜೋರೋ ನಾನೂ ಅಷ್ಟೇ ಜೋರು. ಕಣ್ಣು ಮುಖ ಬಿಟ್ಟು ಆಚೆ ಹೋಗಬಾರದು. ಜೊತೆಗೆ ಓಡ್ತಾ ಇದ್ರೆ, ಇವಳು ನಿಂತ ಹಾಗೇ ಲೆಕ್ಕ. ಆಮೇಲೆ ಬಾಯಿ ತೆರೆಯೋವರೆಗೆ ಕಾಯೋದು."

"ತುತ್ತು ಹಾಕಿದ ಮೇಲೆ ನಿಲ್ಲಬಹುದಲ್ಲ?"

"ನಿಂತ್ರೆ ತುತ್ತು ಮೂಗಿಗೆ. ಹಾಕಿದ ಮೇಲೂ ನಾಲ್ಕು ಹೆಜ್ಜೆ ಜೊತೆಗೇ ಹೋಗಬೇಕು." ಅವಳು ಬಟ್ಟಲನ್ನು ಅವನ ಕೈಗೆ ಕೊಟ್ಟಳು. "ತಗೊಳ್ಳಿ. ನನಗೆ ಬೇಕಾದಷ್ಟು ಕೆಲಸ ಇದೆ."

ಪುಸ್ತಕದ ಇನ್ನೂರು ಪುಟದಲ್ಲಿ ಇಲ್ಲದ ಪಾಠ ಅವನು ಅಂದು ಅಡುಗೆಮನೆಯ ನೆಲದಲ್ಲಿ ಕಲಿತ. ಮೊದಲ ತುತ್ತು ಚಿಕ್ಕವಳ ಕಿವಿಗೆ ಹೋಯಿತು. ಎರಡನೆಯದು ಬಾಗಿಲಿಗೆ. ಏಳನೆಯದು ಬಾಯಿಗೆ. ಹದಿನೈದನೆಯ ತುತ್ತಿನ ಹೊತ್ತಿಗೆ ಅವನು ಎಣಿಸುವುದನ್ನು ಮರೆತಿದ್ದ; ಮೇಜಿನ ಸುತ್ತ ಮಗುವಿನ ಜೊತೆ ಓಡುತ್ತ, ಬಾಯಿ ತೆರೆದಾಗ ಹಾಕುತ್ತ, ಹಾಕಿಯೂ ಓಡುತ್ತ ಇದ್ದ. ಮಗುವಿಗೆ ಇಂಥ ಮಜಾ ಹಿಂದೆಂದೂ ಸಿಕ್ಕಿರಲಿಲ್ಲ. ಅದು ಎಂದಿಗಿಂತ ಎರಡರಷ್ಟು ಉಂಡಿತು.

ಭಾನುವಾರ ಮಧ್ಯಾಹ್ನ ಒಬ್ಬ ಅಜ್ಜಿ ಗುರುತಿನ ಚೀಟಿಗೆ ಫೋಟೊ ಬೇಕೆಂದು ಬಂದರು. ಅಲುಗಾಡಬೇಡಿ ಸ್ಟುಡಿಯೋದ ಬಾಗಿಲು ತೆಗೆದು, ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಚಕ್ರವನ್ನು ಎರಡು ಸಾವಿರದಿಂದ ತನ್ನ ಹಳೆಯ ಅರವತ್ತಕ್ಕೆ ತಿರುಗಿಸಿದ. ಫೋಟೊ ತೆಗೆದ. ಚಕ್ರವನ್ನು ವಾಪಸು ತಿರುಗಿಸುವುದನ್ನು ಮರೆತ. ಕೈಗೆ ಅದರ ಮನೆ ಅರವತ್ತೇ ಆದ್ದರಿಂದ ಕೈಯೂ ನೆನಪಿಸಲಿಲ್ಲ.

ಸಂಜೆ ಐದಕ್ಕೆ ಐದು ನಿಮಿಷವಿರುವಾಗ, ತಲೆ ಬಾಚಿಕೊಂಡು, ಕ್ಯಾಮೆರಾ ಹಿಡಿದು, ಹೆಂಡತಿ ಮಕ್ಕಳೊಂದಿಗೆ ತಾರಸಿ ಹತ್ತಿದ. ಹತ್ತಿ ಸುತ್ತಲೂ ನೋಡಿ ಬೆಚ್ಚಿದ. ಇಡೀ ಬೀದಿ ತಾರಸಿಗಳ ಮೇಲಿತ್ತು. ಇಸ್ತ್ರಿಯವನು ಕೋಟಿನಲ್ಲಿ, ಕ್ಷೌರಿಕ ಕತ್ತಿಯಿಲ್ಲದ ಎರಡೂ ಕೈ ಕಾಣುವಂತೆ ಮುಂದೆ ಚಾಚಿಕೊಂಡು, ಎದುರುಮನೆಯಾಕೆ ಮೈತುಂಬ ಒಡವೆಯಲ್ಲಿ. ಬಸ್ ಡ್ರೈವರು ಬಸ್ಸಿನ ಮೇಲೇ ಹತ್ತಿ ನಿಂತಿದ್ದ.

ಅಷ್ಟರಲ್ಲಿ ಮೆಟ್ಟಿಲಿನಿಂದ ವಾರ್ಡ್ ಆಫೀಸರು ಏದುಸಿರು ಬಿಡುತ್ತ ರಿಜಿಸ್ಟರಿನೊಂದಿಗೆ ಬಂದರು. "ಶುರು ಮಾಡೋಣವೇನ್ರೀ?"

"ಮಾಡಿ ಸಾರ್. ನಾವೆಲ್ಲ ಹಾಜರ್. ಫೋಟೊದವರು ಬಂದ್ರಾ?"

"ಯಾವ ಫೋಟೊದವರು?"

"ಅದೇ ಸಾರ್, ನೀವು ಹೊರಗಿಂದ ಕರೆಸಿರೋರು."

"ನಾನು ಯಾರನ್ನ ಕರೆಸಲಿ? ನೀವೇ ಅಲ್ವೇನ್ರೀ ಐದು ದಿನದಿಂದ ತೆಗೀತಿರೋದು?"

"ನಾನು ತೆಗೀತಿರೋದು ಹಕ್ಕಿ ಸಾರ್!"

ಆಫೀಸರು ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿದರು. ಎರಡೂ ತುದಿಯಲ್ಲಿ ಅಂಟಿಸಿದ ನೋಟೀಸು, ಕೆಳಗಿನ ತಮ್ಮ ಸಹಿ, ಸಹಿಯ ಮೇಲಿನ ಮೊಹರು ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋದವು. "ಹಕ್ಕಿನಾ? ತೋರಿಸಿ ನೋಡೋಣ ಒಂದು ಹಕ್ಕಿ."

ಅಲುಗಾಡಬೇಡಿ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಒಂದೊಂದಾಗಿ ತೋರಿಸತೊಡಗಿದ. ಕ್ಷೌರಿಕ. ಇಸ್ತ್ರಿಯವನು. ಎದುರುಮನೆಯಾಕೆ, ನೈಟಿಯಲ್ಲಿ. ಮತ್ತೆ ಎದುರುಮನೆಯಾಕೆ, ಒಡವೆಯಲ್ಲಿ.

"ಇದು ಹಕ್ಕಿನಾ?"

"ಅದು ನಮ್ಮ ಟ್ಯಾಂಕು ಸಾರ್."

"ಇದು? ಬರೀ ನೀಲಿ ಇದೆಯಲ್ರೀ!"

"ಅದು... ಹಕ್ಕಿ ಹೋದ ಮೇಲೆ ಉಳಿದ ಜಾಗ ಸಾರ್."

"ಒಂದು ಸಾವಿರ ಫೋಟೊ. ಎಲ್ಲ ಮನುಷ್ಯರು. ಹಕ್ಕಿ ಒಂದೂ ಇಲ್ಲ. ಯಾವ ಆದೇಶವೂ ಇಲ್ಲದೆ ಊರಿನ ಜನರ ಫೋಟೊ ತೆಗೆದಿದ್ದೀರಿ, ನನ್ನ ಕೈಯಲ್ಲಿ ನೋಟೀಸು ಬೇರೆ ಹಾಕಿಸಿದ್ದೀರಿ!" ಆಫೀಸರು ಕೈ ಚಾಚಿದರು. "ಕ್ಯಾಮೆರಾ ಕೊಡಿ. ನಾಳೆ ಆಫೀಸಿಗೆ ಬಂದು ವಿವರಣೆ ಬರೆದುಕೊಡಿ, ಆಮೇಲೆ ನೋಡೋಣ."

"ನಾಳೆ ಆಗಲ್ಲ ಅಂಕಲ್" ಎಂದಿತು ಒಂದು ಚಿಕ್ಕ ದನಿ. ಮಗಳು ಅಪ್ಪನ ಮುಂದೆ ಬಂದು ನಿಂತಿದ್ದಳು. "ನಮ್ಮಪ್ಪ ಹಾರೋ ಹಕ್ಕಿ ಫೋಟೊ ತೆಗೀತಾರೆ. ನಾಳೆ ಅದನ್ನ ಗೋಡೆ ಪತ್ರಿಕೆಗೆ ಕೊಡಬೇಕು. ನಮ್ಮ ಟೀಚರಿಗೂ ಗೊತ್ತು."

ಅಲುಗಾಡಬೇಡಿಗೆ ಇಡೀ ಬೀದಿಯ ಮುಖ ನೋಡುವ ಧೈರ್ಯವಿತ್ತು, ಆ ಒಂದು ಮುಖ ನೋಡುವ ಧೈರ್ಯವಿರಲಿಲ್ಲ. ಬಗ್ಗಿ ಅವಳ ಕಿವಿಯಲ್ಲಿ ಹೇಳಿದ: "ಮಗಳೇ, ಆ ಕ್ಯಾಲೆಂಡರಿನ ಹಕ್ಕಿ ನಂದಲ್ಲ."

"ಗೊತ್ತು ಅಪ್ಪಾ. ಅದರ ಕೆಳಗೆ ಬೇರೆಯವರ ಹೆಸರಿತ್ತು. ನಾನು ಓದಿದ್ದೆ."

"ಮತ್ತೆ ಕ್ಲಾಸಲ್ಲಿ ಯಾಕೆ ಹಾಗೆ ಹೇಳಿದೆ?"

"ನಿನಗೆ ಬರುತ್ತೆ ಅಂತ ಗೊತ್ತಿತ್ತು."

ಅವನು ಇನ್ನೂ ಬಗ್ಗಿಕೊಂಡೇ ಇರುವಾಗ ಹೆಂಡತಿ ಚಿಕ್ಕವಳನ್ನು ಸೊಂಟದ ಮೇಲೆ ಸರಿಸಿಕೊಂಡು, "ರೀ, ಐದೂಕಾಲಾಯ್ತು" ಎಂದಳು.

ಬೆಳ್ಳಕ್ಕಿಗಳು ಬೀದಿಯ ತುದಿಯ ಮಾಡಿನ ಮೇಲೆ ಕಾಣಿಸಿಕೊಂಡಿದ್ದವು. ಎಂದಿಗಿಂತ ಕೆಳಗೆ, ತಾರಸಿಗಳ ಎತ್ತರದಲ್ಲೇ, ಬೀದಿಯ ಉದ್ದಕ್ಕೂ ಬರುತ್ತಿದ್ದವು.

ಅವನು ಕ್ಯಾಮೆರಾ ಎತ್ತಿದ. ಎತ್ತಿದೊಡನೆ ಆಗಬೇಕಾದದ್ದು ಆಯಿತು. ಕ್ಷೌರಿಕನಿಂದ ಬಸ್ ಡ್ರೈವರಿನ ತನಕ ಎಲ್ಲರ ಬೆನ್ನೂ ನೆಟ್ಟಗಾಯಿತು, ಎಲ್ಲರ ಗದ್ದವೂ ಇಳಿಯಿತು. ವಾರ್ಡ್ ಆಫೀಸರ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯ ಮುಖವೂ ಇದೇ ಸ್ಟೂಲಿನ ಮೇಲೆ ತೆಗೆಸಿದ್ದು. ಕ್ಯಾಮೆರಾ ಕೇಳಲು ಚಾಚಿದ ಕೈ ಚಾಚಿದಂತೆಯೇ ಅವರೂ ತಾರಸಿಯ ಬೀದಿಯ ಕಡೆಯ ಅಂಚಿನಲ್ಲಿ ನಿಂತರು. ಬೀದಿಯಲ್ಲಿ ಒಂದು ಕೆಮ್ಮೂ ಇರಲಿಲ್ಲ. ಅಷ್ಟು ಜನರ ನಡುವೆ ಅಲುಗಾಡುತ್ತಿದ್ದದ್ದು ಹನ್ನೊಂದು ಬೆಳ್ಳಕ್ಕಿಗಳು ಮತ್ತು ಅಲುಗಾಡಬೇಡಿ.

ಅವನು ಎಣಿಸಲಿಲ್ಲ. ಮುಂದಿನ ಬೆಳ್ಳಕ್ಕಿಯ ಕಣ್ಣಿನ ಮೇಲೆ ಚುಕ್ಕೆ ಇಟ್ಟು ಗುಂಡಿಯನ್ನು ಅರ್ಧ ಒತ್ತಿದ. ಅದರ ಜೊತೆಗೇ ತಿರುಗತೊಡಗಿದ; ಸೊಂಟದಿಂದ, ಮೇಜಿನ ಸುತ್ತ ತಿರುಗಿದ ಹಾಗೆ. ಅದು ಎಷ್ಟು ಜೋರೋ ಅಷ್ಟೇ ಜೋರು. ಕಿಂಡಿಯಲ್ಲಿ ಹಕ್ಕಿ ನಿಂತುಬಿಟ್ಟಂತೆ ಕಂಡಿತು. ಲೋಕವೇ ಹಿಂದಕ್ಕೆ ಓಡುತ್ತಿತ್ತು. ಹಕ್ಕಿ ರೆಕ್ಕೆ ಎತ್ತಿತು.

"ಬಾಯಿ ತೆರೀತು!" ಎಂದಳು ಹೆಂಡತಿ.

ಅವನು ಒತ್ತಿದ. ಒತ್ತಿದ ಮೇಲೂ ನಾಲ್ಕು ಹೆಜ್ಜೆ ಜೊತೆಗೇ ಹೋದ. ಅಲ್ಲಿ ಟ್ಯಾಂಕು ಇತ್ತು. ಅದಕ್ಕೆ ಢಿಕ್ಕಿ ಹೊಡೆದು ನಿಂತ.

ಹಣೆ ಉಜ್ಜಿಕೊಳ್ಳುತ್ತ ಪರದೆ ನೋಡಿದ. ಕ್ಯಾಮೆರಾವನ್ನು ಹಾಗೆಯೇ ಮಗಳಿಗೆ ಕೊಟ್ಟ. ಮಗಳು ನೋಡಿ ಕಿರುಚಿದ ಕಿರುಚಿಗೆ ಬೀದಿಯ ಮಂತ್ರ ಬಿಟ್ಟಿತು; ಎಲ್ಲರೂ ತಂತಮ್ಮ ತಾರಸಿಯಿಂದ ಇಳಿದು ಇವನ ತಾರಸಿಗೆ ಹತ್ತಿಬಂದರು.

ಬೆಳ್ಳಕ್ಕಿ ಬಂದಿತ್ತು. ಕೊಕ್ಕು, ಚಾಚಿದ ಕಾಲು, ಹಳದಿ ಕಣ್ಣು, ಕಣ್ಣಿನೊಳಗಿನ ಕರಿಯ ಚುಕ್ಕೆ, ಎಲ್ಲ ಕೆತ್ತಿದ ಹಾಗೆ. ರೆಕ್ಕೆಯ ತುದಿ ಮಾತ್ರ ಹಾಲು ಕದಡಿದ ಹಾಗೆ ಸ್ವಲ್ಪ ಕರಗಿತ್ತು. ಅರವತ್ತರಲ್ಲೇ ಉಳಿದು ಕ್ಯಾಮೆರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟ ಚಕ್ರ, ಹಕ್ಕಿಯ ಜೊತೆ ತಿರುಗಿದ ಕ್ಯಾಮೆರಾ ಎರಡೂ ಸೇರಿ ಅದರ ಹಿಂದೆ ಇನ್ನೊಂದು ಕೆಲಸವನ್ನೂ ಮಾಡಿದ್ದವು. ಹಿಂದೆ ಸಾಲಾಗಿ ನಿಂತಿದ್ದ ಬೀದಿಯ ಜನರೆಲ್ಲ ಉದ್ದುದ್ದ ಗೆರೆಗಳಾಗಿದ್ದರು. ಕೋಟು ಒಂದು ಕಂದು ಗೆರೆ. ಒಡವೆ ಒಂದು ಹಳದಿ ಗೆರೆ. ಯಾರಿಗೂ ಮುಖವೇ ಇರಲಿಲ್ಲ.

ಎಲ್ಲರೂ ಪರದೆಯ ಮೇಲೆ ಬಗ್ಗಿ ತಂತಮ್ಮನ್ನು ಹುಡುಕಿದರು. ಆಮೇಲೆ ಆಫೀಸರ ದನಿ ಬಂತು.

"ಇದರಲ್ಲಿ ನಾನೆಲ್ಲಿ?"

"ನೀವು ಇದು ಸಾರ್. ಈ ಬೂದು ಬಣ್ಣದ್ದು."

"ನಾನು ಉಸಿರು ಕೂಡ ಬಿಟ್ಟಿಲ್ಲ ಕಣ್ರೀ!"

"ನಾನು ಕಣ್ಣು ಮಿಟುಕಿಸಿಲ್ಲ!" ಎಂದಳು ಎದುರುಮನೆಯಾಕೆ. "ಕಲ್ಲಿನ ಹಾಗೆ ನಿಂತ ನಮಗೆ ಮುಖ ಇಲ್ಲ; ತನ್ನ ಪಾಡಿಗೆ ಹಾರಿಕೊಂಡು ಹೋದ ಅದಕ್ಕೆ ಕಣ್ಣು ರೆಪ್ಪೆ ಎಲ್ಲಾ ಇದೆ! ಇದು ಯಾವ ನ್ಯಾಯ?"

"ನಮ್ಮನ್ನ ಇಪ್ಪತ್ತೆರಡು ವರ್ಷ ಸುಮ್ಮನೆ ಅಲುಗಾಡಬೇಡಿ ಅಂದೆಯಲ್ಲೋ!" ಎಂದ ಕ್ಷೌರಿಕ.

ಇಸ್ತ್ರಿಯವನು ನಕ್ಕುಬಿಟ್ಟ. ಅವನು ನಕ್ಕದ್ದೇ ತಡ, ಕ್ಯಾಮೆರಾದ ಇಷ್ಟು ಹತ್ತಿರ ಎಂದೂ ನಗದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಫೀಸರು ಮಾತ್ರ ನಗಲಿಲ್ಲ; ಫೋಟೊವನ್ನು ಮತ್ತೊಮ್ಮೆ ನೋಡಿ ಯೋಚಿಸಿದರು. ಅದರಲ್ಲಿ ಹಕ್ಕಿ ಸ್ಪಷ್ಟವಾಗಿತ್ತು. ಮನುಷ್ಯ ಎಂದು ಯಾರನ್ನೂ ಗುರುತಿಸುವಂತಿರಲಿಲ್ಲ. ಅಂದರೆ ಯಾರ ಫೋಟೊವನ್ನೂ ತೆಗೆದಂತಾಗಲಿಲ್ಲ, ವಿವರಣೆ ಬೇಕಾಗಲಿಲ್ಲ. ಅವರು ರಿಜಿಸ್ಟರಿನಲ್ಲಿ "ಗಣತಿ ಶಾಂತವಾಗಿ ನಡೆಯಿತು. ಎಣಿಕೆ: ಒಂದು ಹಕ್ಕಿ" ಎಂದು ಬರೆದು, ಇಳಿದು ಹೋಗುವಾಗ ಎರಡೂ ನೋಟೀಸನ್ನು ತಾವೇ ಕಿತ್ತು ಜೇಬಿಗೆ ಹಾಕಿಕೊಂಡರು.

ಅಲುಗಾಡಬೇಡಿ ಕತ್ತಲಾಗುವ ಮೊದಲೇ ಬೀದಿಯವರೆಲ್ಲರ ಎದುರಿಗೆ ಆ ಸಾವಿರದ ನೂರ ನಲವತ್ತು ಫೋಟೊಗಳನ್ನೂ ಅಳಿಸಿಹಾಕಿದ. ಒಡವೆ ತೊಟ್ಟದ್ದೊಂದನ್ನು ಮಾತ್ರ ಎದುರುಮನೆಯಾಕೆ ಅಳಿಸಲು ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಗೋಡೆ ಪತ್ರಿಕೆಯ ನಡುವಿನ ಬಣ್ಣದ ಕಾಗದದ ಮೇಲೆ ಬೆಳ್ಳಕ್ಕಿ ಹಾರುತ್ತಿತ್ತು. ಹಿಂದಿನ ಬೆಂಚಿನವಳು ಹತ್ತಿರ ಹೋಗಿ ಕಣ್ಣಿನ ಚುಕ್ಕೆ ನೋಡಿದಳು, ದೂರ ಹೋಗಿ ನೋಡಿದಳು, ಕೊನೆಗೆ ತನ್ನ ತಿಂಡಿಯ ಡಬ್ಬಿಯಿಂದ ಅಲುಗಾಡಬೇಡಿಯ ಮಗಳಿಗೆ ಅರ್ಧ ಪಾಲು ಕೊಟ್ಟಳು. ಗೋಡೆ ಪತ್ರಿಕೆಯ ಮುಂದೆ ಬೀದಿಯವರೂ ಬಂದು ನೆರೆದಿದ್ದರು. ಫೋಟೊದ ಕೆಳಗೆ ಮಗಳು ತನ್ನ ಕೈಯಾರೆ, ಗೆರೆ ಎಳೆದುಕೊಂಡು, ದುಂಡಗೆ ಬರೆದಿದ್ದಳು. ಕ್ಷೌರಿಕ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದ:

"ಹಾರುತ್ತಿರುವ ಬೆಳ್ಳಕ್ಕಿ. ತೆಗೆದವರು ನಮ್ಮ ಅಪ್ಪ. ಯಾವಾಗ ತೆಗೆಯಬೇಕು ಎಂದು ಹೇಳಿದವರು ನಮ್ಮ ಅಮ್ಮ. ಹಿಂದೆ ಇರುವವರು ನಮ್ಮ ಬೀದಿಯವರು. ಅವರು ಅಲುಗಾಡಿದ್ದಾರೆ."